ಎರಡು ಗೇಣು, ನಾಲ್ಕು ಬೆರಳು

ಫೆಬ್ರವರಿ ೩

ಪ್ರೀತಿಯ ಅಕ್ಕನಿಗೆ ಚಿಕ್ಕಿಯ ನಮಸ್ಕಾರ.

ನಾವಿಲ್ಲಿ ಚೆನ್ನಾಗಿದ್ದೇವೆ. ಬಿರುಗಾಳಿಗೆ ಬಿದ್ದ ಫೋನಿನ ಗೋಪುರವನ್ನು ಯಾರೂ ಎತ್ತಿ ನಿಲ್ಲಿಸಿಲ್ಲ, ಅದಕ್ಕೇ ಈ ಕಾಗದ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳ ಬರವಣಿಗೆ. ತಪ್ಪು ಕಂಡರೆ ನಗು, ಆದರೆ ನಕ್ಕಿದ್ದನ್ನು ನನಗೆ ತಿಳಿಸಬೇಡ.

ಲಕ್ವ ಹೊಡೆದ ಅಪ್ಪನ ಬಲಗಡೆ ಹಾಗೇ ಇದೆ. ಮಾತು ಮಾತ್ರ ಒಂದೊಂದಾಗಿ ಮರಳುತ್ತಿದೆ. ಮೊನ್ನೆ "ಉಪ್ಪು ಜಾಸ್ತಿ" ಅಂದರು. ಎಂಟು ತಿಂಗಳಲ್ಲಿ ಅವರು ಆಡಿದ ಅತಿ ಸ್ಪಷ್ಟವಾದ ಮಾತು ಅದು. ಹಾಗಾಗಿ ಬೇಸರವಾಗಲಿಲ್ಲ.

ಅವರ ಕೆಲಸವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಕಟ್ಟೆಯ ಮೆಟ್ಟಿಲಿಳಿದು ಅಳತೆಕಂಬದ ಮುಂದೆ ನಿಲ್ಲುತ್ತೇನೆ. ಸಮುದ್ರದ ನೀರು ಯಾವ ಗೆರೆ ಮುಟ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ತಿಂಗಳ ಕೊನೆಗೆ ಹಾಳೆಯನ್ನು ಅಳತೆ ಕಚೇರಿಗೆ ಕಳಿಸುತ್ತೇನೆ. ಮನೆಗೆ ಬಂದು ಅಪ್ಪನಿಗೆ ಆ ಸಂಖ್ಯೆಯನ್ನು ಹೇಳಬೇಕು. ಅವರು ಕಣ್ಣು ಮುಚ್ಚಿ, ಬಾಯಿಗೆ ಹಾಕಿಕೊಂಡು ರುಚಿ ನೋಡಿದವರ ಹಾಗೆ ಕೇಳಿಸಿಕೊಳ್ಳುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಮುಳುಗುವ ತೀರಗಳ ಪಟ್ಟಿ ಅಂತ ಒಂದು ಮಾಡುತ್ತಿದ್ದಾರಂತೆ. ಅದರಲ್ಲಿ ಸೇರಿದ ಬೀದಿಗಳಿಗೆಲ್ಲ ಗುಡ್ಡದ ಹಿಂದೆ ಜಾಗ ಕೊಟ್ಟು ಮನೆ ಕಟ್ಟಿಸಿ ಸಾಗಿಸುತ್ತಾರಂತೆ. ನಮ್ಮ ಬೀದಿಯಲ್ಲಿ ಬೇರೆ ಮಾತೇ ಇಲ್ಲ. ದೋಣಿ ರಿಪೇರಿ ಮಾಮ ಹೊಸ ಮನೆಯ ಕಿಟಕಿ ಯಾವ ಕಡೆಗಿರಬೇಕು ಅಂತ ಈಗಲೇ ಹೆಂಡತಿಯ ಹತ್ತಿರ ಜಗಳ ಆಡಿ ಮುಗಿಸಿದ್ದಾನೆ. "ಸಮುದ್ರದ ಕಡೆ ಮಾತ್ರ ಬೇಡ, ಅದರ ಮುಖ ನೋಡಿ ಸಾಕಾಗಿದೆ" ಅಂತ ಅವನು. "ಅದಕ್ಕೂ ನಿಮ್ಮ ಮುಖ ನೋಡಿ ಸಾಕಾಗಿರುತ್ತೆ" ಅಂತ ಅವಳು.

ಪಟ್ಟಿಗೆ ಕೊನೆಯ ಮುದ್ರೆ ಬೀಳುವುದು ಎಲ್ಲ ದೇಶದವರೂ ಸೇರುವ ನಿನ್ನ ಆ ದೊಡ್ಡ ಸಭಾಭವನದಲ್ಲಂತೆ. ನೀನು ಅಲ್ಲೇ ಇದ್ದೀಯಲ್ಲ. ಬೀದಿಯವರೆಲ್ಲ ನಿನಗೆ ನಮಸ್ಕಾರ ಹೇಳಿದ್ದಾರೆ. ಒಂದು ಮಾತು ಹಾಕಲು ಸಾಧ್ಯವಾದರೆ ಹಾಕು.

ಬೇರೇನೂ ವಿಶೇಷವಿಲ್ಲ. ನಮ್ಮ ಅಡುಗೆಮನೆ ಈಚೆಗೆ ತಂಪಾಗಿರುತ್ತದೆ.

ನಿನ್ನ ತಂಗಿ,
ಚಿಕ್ಕಿ


ಫೆಬ್ರವರಿ ೧೮

ಪ್ರೀತಿಯ ಚಿಕ್ಕಿ,

ನಿನ್ನ ಕಾಗದ ಹನ್ನೆರಡು ದಿನ ಪ್ರಯಾಣ ಮಾಡಿ ಬಂತು. ನಗಲಿಲ್ಲ. ನಕ್ಕಿದ್ದರೂ ಹೇಳುವುದಿಲ್ಲ.

ಅಡುಗೆಮನೆ ತಂಪಾಗಿದೆ ಎಂದು ಓದಿ ಸಂತೋಷವಾಯಿತು. ಇಲ್ಲಿ ನಾನಿರುವ ಕೋಣೆ ಒಲೆಯ ಮೇಲಿಟ್ಟ ಹಾಗಿದೆ. ಈ ಊರಿನಲ್ಲಿ ಈ ತಿಂಗಳು ಇಂಥ ಸೆಕೆ ಯಾವತ್ತೂ ಇರಲಿಲ್ಲ ಎಂದು ಮನೆಯೊಡತಿ ದಿನಾ ಹೇಳುತ್ತಾಳೆ, ನಾನೇ ಊರಿನಿಂದ ತಂದೆನೇನೋ ಎಂಬಂತೆ.

ಭವನದಲ್ಲಿ ನನ್ನ ಕೆಲಸ ಚೆನ್ನಾಗಿ ನಡೆಯುತ್ತಿದೆ. ಇಲ್ಲಿ ಯಾರು ಏನು ಮಾತಾಡಿದರೂ ಅದು ನನ್ನ ಕೈ ದಾಟಿಯೇ ಇನ್ನೊಬ್ಬರ ಕಿವಿಗೆ ಹೋಗಬೇಕು. ಅಷ್ಟು ತಿಳಿದುಕೋ. ನನಗೆ ಒಬ್ಬ ಅನುವಾದಕಿಯ ಪರಿಚಯವಾಗಿದೆ. ಗಾಜಿನ ಗೂಡಿನಲ್ಲಿ ಕುಳಿತು ಒಂದು ಭಾಷೆಯಲ್ಲಿ ಕೇಳುತ್ತಾ ಇನ್ನೊಂದು ಭಾಷೆಯಲ್ಲಿ ಹೇಳುತ್ತಾರೆ. ನಮ್ಮ ಮಾತೂ ಅವರಿಗೆ ಬರುತ್ತದೆ. ಸಮುದ್ರ ಯಾಕೆ ಏರುತ್ತದೆ ಎಂದು ಅವರನ್ನು ಕೇಳಿದೆ. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆ ನೂರೈವತ್ತು ವರ್ಷದಿಂದ ಭೂಮಿಯ ಸುತ್ತ ಕಂಬಳಿಯ ಹಾಗೆ ಸೇರಿಕೊಂಡಿದೆಯಂತೆ. ಒಳಗಿನ ಶಾಖ ಹೊರಗೆ ಹೋಗುವುದಿಲ್ಲ. ಆ ಶಾಖದಲ್ಲಿ ಹೆಚ್ಚಿನ ಪಾಲನ್ನು ಸಮುದ್ರವೇ ಕುಡಿಯುತ್ತದಂತೆ. ಬಿಸಿಯಾದ ನೀರು ಉಬ್ಬುತ್ತದೆ, ಮೇಲೆ ಹಿಮ ಬೇರೆ ಕರಗಿ ಸೇರುತ್ತದೆ.

"ಹಾಲು ಉಕ್ಕುತ್ತಲ್ಲ, ಹಾಗಾ?" ಎಂದೆ.

"ಹಾಲಾದ್ರೆ ಇಳಿಸಿಡಬಹುದು. ಇದನ್ನ ಒಲೆಯಿಂದ ಇಳಿಸೋರು ಯಾರು ಅನ್ನೋದೇ ಇಲ್ಲಿ ಚರ್ಚೆ."

ಹೊಗೆ ಕಡಿಮೆ ಮಾಡುತ್ತೇವೆ ಎಂದು ಎಲ್ಲ ದೇಶಗಳೂ ಮಾತು ಕೊಟ್ಟಿವೆ. ಎಷ್ಟು ಎಂಬುದನ್ನು ಅವರವರೇ ತೀರ್ಮಾನಿಸಬಹುದು. "ಮಾತು ತಪ್ಪಿದ್ರೆ ಶಿಕ್ಷೆ ಇಲ್ವಾ?" ಎಂದು ಕೇಳಿದೆ. "ನಾಚಿಕೆ ಇದೆ" ಎಂದರು.

ಪಟ್ಟಿಯ ವಿಷಯವನ್ನೂ ವಿಚಾರಿಸಿದೆ. ಹೊಗೆ ಹೆಚ್ಚು ಬಿಟ್ಟ ದೇಶಗಳು ಮುಳುಗುವವರಿಗಾಗಿ ಒಂದು ನಿಧಿ ಮಾಡಿವೆ. ಅದು ಯಾರಿಗೆ ಎಂಬುದನ್ನು ಅಳುವ ದನಿ ನೋಡಿ ತೀರ್ಮಾನಿಸುವುದಿಲ್ಲ, ಅಳತೆಕಂಬ ನೋಡಿ ತೀರ್ಮಾನಿಸುತ್ತಾರೆ. ಹನ್ನೆರಡು ವರ್ಷದಲ್ಲಿ ನೀರು ಒಂದು ಅಂಗೈ ಅಗಲಕ್ಕಿಂತ ಹೆಚ್ಚು ಏರಿದ್ದರೆ ಆ ತೀರ ಪಟ್ಟಿಯಲ್ಲಿ. ನಮ್ಮ ಕಂಬದ ಸಂಖ್ಯೆ ನೂರ ಹದಿನೇಳು. ಅಪ್ಪ ಬರೆದದ್ದು, ನೀನು ಬರೆಯುತ್ತಿರುವುದು ಇಲ್ಲಿಯವರೆಗೆ ಬರುತ್ತದೆ. ಅಪ್ಪನಿಗೆ ಹೇಳು.

ನಿನ್ನ ಅಕ್ಕ


ಮಾರ್ಚ್ ೯

ಪ್ರೀತಿಯ ಅಕ್ಕನಿಗೆ,

ನೀನು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದು ಎಡಗೈಯಲ್ಲಿ ಸನ್ನೆ ಮಾಡಿದರು. ಮೂರು ಸಲ ಓದಿದೆ. ಆಮೇಲೆ ನಾಲ್ಕನೇ ದಿನ ಕಚೇರಿಯ ಕಾಗದ ಬಂತು. ಅದನ್ನು ಓದಿ ಹೇಳಿಲ್ಲ.

ನಮ್ಮ ತೀರ ಪಟ್ಟಿಯಲ್ಲಿಲ್ಲ. ನೂರ ಹದಿನೇಳನೇ ಕಂಬದ ಪ್ರಕಾರ ಹನ್ನೆರಡು ವರ್ಷದಲ್ಲಿ ಇಲ್ಲಿ ಸಮುದ್ರ ಮೂವತ್ತಮೂರು ಸೆಂಟಿಮೀಟರ್ ಇಳಿದಿದೆಯಂತೆ. ಏರಿದ್ದಲ್ಲ ಅಕ್ಕ, ಇಳಿದದ್ದು. ದೀಪಸ್ತಂಭದ ಆಚೆಗಿನ ತೀರದವರು ಪಟ್ಟಿಯಲ್ಲಿದ್ದಾರೆ. ಅಲ್ಲಿಯ ಕಂಬ ಹದಿನಾಲ್ಕು ಏರಿಕೆ ತೋರಿಸಿದೆ. ಅವರಿಗೂ ನಮಗೂ ಮಧ್ಯೆ ನಡೆದು ಹೋಗುವಷ್ಟು ದೂರ. ನೀರು ಅದೇ ನೀರು.

ಕಾಗದವನ್ನು ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳಬೇಕಾಯಿತು.  ಆಮೇಲೆ ದೋಣಿ ರಿಪೇರಿ ಮಾಮ, "ಸಮುದ್ರ ಇಳಿದಿದೆಯಂತಾ? ಹಾಗಾದ್ರೆ ನನ್ನ ಮಂಚದ ಕೆಳಗೆ ಬಂದು ಮಲಗಿರೋದು ಯಾರು, ನೆಂಟರಾ?" ಅಂದ. ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಎಲ್ಲರೂ ನನ್ನ ಕಡೆಗೇ ನೋಡಿದರು.

 ಅಂದಿನಿಂದ ನೀರಿನ ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತದೆ. ಕಂಬ ಓದುವವಳು ನಾನು. ನಾಲ್ಕನೇ ತರಗತಿಯವಳು. ಚುಕ್ಕಿಯನ್ನು ಎಲ್ಲಿಡಬೇಕೋ ಅಲ್ಲಿಡದೆ ಬೇರೆಲ್ಲೋ ಇಟ್ಟಿರಬೇಕು. ಎಂಟು ತಿಂಗಳ ಪುಸ್ತಕವನ್ನು ತೆಗೆದು ಒಂದೊಂದೇ ಸಾಲಿಗೆ ಬೆರಳಿಟ್ಟು ನೋಡುತ್ತಿದ್ದೇನೆ. ತಪ್ಪು ಸಿಗುತ್ತಿಲ್ಲ. ತಪ್ಪು ಮಾಡಿದವಳೇ ಹುಡುಕಿದರೆ ಹೇಗೆ ಸಿಕ್ಕೀತು?

ನಿನ್ನಿಂದ ಇನ್ನು ಮುಚ್ಚಿಡಲಾರೆ. ಅಡುಗೆಮನೆ ತಂಪಾಗಿರುವುದು ನೀರು ಬಂದು ಹೋಗುವುದರಿಂದ. ತಿಂಗಳಲ್ಲಿ ಆರೇಳು ದಿನ ಪಾದ ಮುಳುಗುತ್ತದೆ. ಅಪ್ಪನ ಮಂಚಕ್ಕೆ ನಾಲ್ಕು ಇಟ್ಟಿಗೆ ಕೊಟ್ಟಿದ್ದೇನೆ. ಬಾವಿ ಉಪ್ಪಾಗಿದೆ. ಶಾಲೆಯ ಕೆಳಗಿನ ಕೋಣೆಗೆ ಬೀಗ ಹಾಕಿದ್ದಾರೆ.

ಅಲ್ಲಿ ಯಾರಿಗಾದರೂ ಹೇಳು. ತಂಗಿಗೆ ಓದು ಬರುವುದಿಲ್ಲ, ತಪ್ಪು ಅವಳದು, ಬೀದಿಯದ್ದಲ್ಲ ಎಂದು ಹೇಳು. ನನಗೇನೂ ಅನ್ನಿಸುವುದಿಲ್ಲ.

ಚಿಕ್ಕಿ


ಮಾರ್ಚ್ ೨೪

ಚಿಕ್ಕಿ,

ತಪ್ಪು ನಿನ್ನದಲ್ಲ. ಪುಸ್ತಕ ಮುಚ್ಚಿಡು. ಎಂಟು ತಿಂಗಳಲ್ಲಿ ನೀನು ಏನು ಬರೆದರೂ ಹನ್ನೆರಡು ವರ್ಷದ ಲೆಕ್ಕ ತಲೆಕೆಳಗಾಗುವುದಿಲ್ಲ.

ಅಪ್ಪನನ್ನು ಏನೂ ಕೇಳಲು ಹೋಗಬೇಡ. ಆರೋಗ್ಯ ಸರಿಯಿಲ್ಲದವರು. ಕಚೇರಿಗೂ ಪದೇ ಪದೇ ಬರೆಯಬೇಡ.

ಇಲ್ಲಿ ಎರಡು ದಿನದಿಂದ ಒಂದೇ ಪದದ ಮೇಲೆ ಸಭೆ ನಿಂತಿದೆ. ಕಲ್ಲಿದ್ದಲನ್ನು "ನಿಲ್ಲಿಸಬೇಕು" ಎಂದು ಬರೆಯುವುದೋ "ಕಡಿಮೆ ಮಾಡಬೇಕು" ಎಂದು ಬರೆಯುವುದೋ ಎಂದು. ಒಪ್ಪಿಗೆ ಆಗದ ಪದವನ್ನು ಕಂಸದೊಳಗೆ ಹಾಕಿಡುತ್ತಾರೆ. ಅನುವಾದಕಿ ನನಗೊಂದು ಹಾಳೆ ತೋರಿಸಿದರು. ಅದರಲ್ಲಿ ಕಂಸದ ಹೊರಗೆ ಉಳಿದದ್ದು ದಿನಾಂಕ ಮತ್ತು ಊರಿನ ಹೆಸರು ಮಾತ್ರ.

ಸ್ವಲ್ಪ ಕೆಲಸ ಹೆಚ್ಚಿದೆ. ಹುಷಾರಾಗಿರು.

ಅಕ್ಕ


ಏಪ್ರಿಲ್ ೭

ಅಕ್ಕನಿಗೆ,

ನಿನ್ನ ಕಾಗದ ಓದಲು ಒಂದು ನಿಮಿಷ ಸಾಕಾಯಿತು. ಹಿಂದುಮುಂದು ತಿರುಗಿಸಿ ನೋಡಿದೆ, ಹಿಂಬದಿಯಲ್ಲೇನಾದರೂ ಇರಬಹುದೆಂದು. ನಿನ್ನದು ದೊಡ್ಡ ಜಾಗ, ದೊಡ್ಡ ಕೆಲಸ. ನಮ್ಮ ಮಂಚದ ಇಟ್ಟಿಗೆಯ ವಿಷಯ ಬರೆದು ನಿನ್ನ ಸಮಯ ತೆಗೆದುಕೊಂಡೆನೇನೋ.

ಪುಸ್ತಕ ಮುಚ್ಚಿಡು ಎಂದೆ. ನನ್ನದನ್ನು ಮುಚ್ಚಿಟ್ಟೆ. ಅಪ್ಪನ ಹಳೆಯ ಪುಸ್ತಕಗಳನ್ನು ತೆರೆದೆ.

ಹನ್ನೆರಡು ವರ್ಷದ ಹಿಂದೆ ಒಂದು ಬಿರುಗಾಳಿ. ಅದರ ಹಿಂದಿನ ದಿನ ಸಂಜೆಯವರೆಗೆ ಸಂಖ್ಯೆಗಳಿವೆ. ಆಮೇಲೆ ಹನ್ನೊಂದು ದಿನ ಖಾಲಿ. ಹನ್ನೆರಡನೇ ದಿನದಿಂದ ಮತ್ತೆ ಇವೆ, ಆದರೆ ಎಲ್ಲವೂ ಚಿಕ್ಕ ಸಂಖ್ಯೆಗಳು. ಅಲ್ಲಿಂದ ಇಲ್ಲಿಯವರೆಗೂ ಅದೇ ಚಿಕ್ಕ ಸಂಖ್ಯೆಗಳೇ ನಿಧಾನವಾಗಿ ಏರುತ್ತಾ ಬಂದಿವೆ. ಪಕ್ಕದ ಷರಾ ಕಾಲಮ್ಮಿನಲ್ಲಿ ಬಿರುಗಾಳಿ ಬಂದದ್ದು ಬಿಟ್ಟರೆ ಬೇರೇನೂ ಬರೆದಿಲ್ಲ.

ದೋಣಿ ರಿಪೇರಿ ಮಾಮನನ್ನು ಕೇಳಿದೆ. "ಕಂಬ ಆಗ ಕಿತ್ಕೊಂಡು ಬಿತ್ತಲ್ಲಮ್ಮ. ನಿಮ್ಮಪ್ಪನೇ ಎತ್ತಿ ಮೇಲಿನ ಮೆಟ್ಟಿಲಿಗೆ ನಿಲ್ಲಿಸಿದ. ನಿನಗಾಗ ಆರು ವರ್ಷ, ಮೂಗು ಸುರಿಸ್ಕೊಂಡು ನಿಂತಿದ್ದೆ. ಕಂಬ ಹಿಡ್ಕೊಂಡಿದ್ದು ನಿಮ್ಮಕ್ಕ. ಅವಳನ್ನ ಕೇಳು" ಎಂದ.

ಬಸ್ಸು ಹಿಡಿದು ಅಳತೆ ಕಚೇರಿಗೆ ಹೋದೆ. ಗುಮಾಸ್ತರು ಕೂರಲು ಕುರ್ಚಿ ಕೊಟ್ಟರು. ನನಗೆ ಯಾವ ಕಚೇರಿಯಲ್ಲೂ ಕುರ್ಚಿ ಸಿಕ್ಕಿರಲಿಲ್ಲ, ಹಾಗಾಗಿ ಅಂಚಿನಲ್ಲಿ ಕುಳಿತೆ. ಹನ್ನೊಂದು ಖಾಲಿ ದಿನಗಳನ್ನು ಅವರೂ ನೋಡಿದರು. "ಈ ಖಾಲಿಯಲ್ಲಿ ಸಮುದ್ರ ಇಳೀತೋ ಕಂಬ ಏರಿತೋ ಅಂತ ಕಾಗದ ಹೇಳಲ್ಲ ತಾಯಿ. ಎಷ್ಟು ಏರಿಸಿದ್ರು ಅಂತ ಗೊತ್ತಾದ್ರೆ ತಿದ್ದಬಹುದು. ಮೇ ಹದಿನಾಲ್ಕಕ್ಕೆ ಪಟ್ಟಿ ಮುಚ್ಚುತ್ತೆ" ಎಂದರು.

ನೀನು ಅಲ್ಲಿದ್ದೆ, ಅಲ್ಲವೇ?

ಚಿಕ್ಕಿ


ಏಪ್ರಿಲ್ ೧೯

ಚಿಕ್ಕಿ,

ಇದ್ದೆ.

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು, ಹರಿಯದೆ ಕಳಿಸುತ್ತೇನೆ.

ಬಿರುಗಾಳಿಗೆ ಕಂಬ ಬುಡದ ಕಲ್ಲಿನಿಂದ ಕಿತ್ತು ಬಂತು. ಕಚೇರಿಯ ಎಂಜಿನಿಯರ್ ಬಿಟ್ಟು ಬೇರೆ ಯಾರೂ ಕಂಬ ಮುಟ್ಟಬಾರದು ಎಂದು ನಿಯಮ. ಅಪ್ಪ ಹೇಳಿ ಕಳಿಸಿದರು, ಎಂಜಿನಿಯರ್ ಬರಲಿಲ್ಲ. ದಿನಕ್ಕೆರಡು ಸಲ ಅಪ್ಪ ಬರಿಗೈಯಲ್ಲಿ ಮೆಟ್ಟಿಲಿಳಿದು, ಸುಮ್ಮನೆ ನೀರು ನೋಡಿ ಬರುತ್ತಿದ್ದರು. ಪುಸ್ತಕದಲ್ಲಿ ಖಾಲಿ ಜಾಗ ಬಿಡುವುದು ಅವರಿಗೆ ಊಟ ಬಿಟ್ಟ ಹಾಗೆ. ಹನ್ನೆರಡನೇ ದಿನ ಅವರೇ ಕಂಬವನ್ನು ಹೊತ್ತು ತಂದು ಮೂರನೇ ಮೆಟ್ಟಿಲಿಗೆ ಬಿಗಿದರು. ಹಳೆಯ ಕಲ್ಲು ಆಗಲೇ ಮರಳಿನಡಿ ಹೋಗಿತ್ತು. ನಾನು ಹಿಡಿದುಕೊಂಡೆ. ನನಗೆ ಹದಿನಾಲ್ಕು.

ಎಷ್ಟು ಏರಿತು ಎಂದು ಅವರು ಅಳೆಯದೆ ಬಿಡಲಿಲ್ಲ. ಕಟ್ಟೆಯ ಗೋಡೆಯಲ್ಲಿ ದೋಣಿ ಕಟ್ಟುವ ಕಬ್ಬಿಣದ ಬಳೆ ಇತ್ತು. ಮೊದಲು ಅದು ಕಂಬದ ಎರಡನೇ ಮೀಟರಿನ ಗೆರೆಗೆ ಸರಿಯಾಗಿ ನಿಲ್ಲುತ್ತಿತ್ತು. ಕಂಬ ಬಿಗಿದ ಮೇಲೆ ಬಳೆಯಿಂದ ಮೇಲಕ್ಕೆ ಆ ಗೆರೆಯವರೆಗೆ ಕೈ ಹಾಸಿ ಅಳೆದರು. ಎರಡು ಗೇಣು, ನಾಲ್ಕು ಬೆರಳು. ಆ ಗೋಡೆ ಬಿತ್ತೆಂದು ಹೋದ ವರ್ಷ ಫೋನಿನಲ್ಲಿ ನೀನೇ ಹೇಳಿದ್ದೆ.

ಅಪ್ಪನಿಗೆ ಅಂಕಿ ಬರೆಯಲು ಬರುತ್ತದೆ, ಅಕ್ಷರ ಬರುವುದಿಲ್ಲ. ಷರಾ ಬರೆಯುತ್ತಿದ್ದವಳು ನಾನು. "ಕಂಬ ಎರಡು ಗೇಣು ನಾಲ್ಕು ಬೆರಳು ಮೇಲೇರಿದೆ ಅಂತ ಬರಿ" ಎಂದರು. ಪುಸ್ತಕ ಹಿಡಿದು ಕೂತೆ. ನಿಯಮ ಮುರಿದದ್ದು ಕಚೇರಿಗೆ ಗೊತ್ತಾದರೆ ಅಪ್ಪನ ಕೆಲಸ ಹೋಗುತ್ತದೆ ಎಂದು ಹೆದರಿಕೆ ಹತ್ತಿತು. ಅಮ್ಮ ಹೋಗಿ ಆಗ ನಾಲ್ಕು ತಿಂಗಳು. ಬರೆಯಲಿಲ್ಲ. "ಬರೆದ್ಯಾ ಮಗಳೇ?" ಎಂದರು. "ಬರೆದೆ" ಎಂದೆ. ಅವರು ಆ ಕಾಲಮ್ಮನ್ನು ನೋಡಿದರು. ಆ ಸಾಲಿನಲ್ಲಿ ಅಕ್ಷರವೇ ಇಲ್ಲ ಎಂದು ಅವರಿಗೆ ಕಂಡಿರಲೇಬೇಕು ಎಂದು ನನಗೆ ಎಷ್ಟೋ ವರ್ಷ ಅನ್ನಿಸಿದೆ. ಆದರೆ ಮೇಲಿನ ಸಾಲಿನಲ್ಲಿ ನಾನು ಬಿರುಗಾಳಿಯ ಬಗ್ಗೆ ಬರೆದ ಷರಾ ಇತ್ತು. ಅದನ್ನೇ ಇದು ಎಂದುಕೊಂಡರು. ತಲೆ ಸವರಿದರು.

ನೀನು ತಪ್ಪು ನಿನ್ನದೆಂದು ಬರೆದಾಗಲೂ ಹೇಳಲಿಲ್ಲ. ಅದಕ್ಕೆ ಏನು ಹೇಳಲಿ.

ಇನ್ನೊಂದು. ನಾನು ಸಭೆಯಲ್ಲಿ ಇಲ್ಲ. ಕುರ್ಚಿಗೊಂದರಂತೆ ಇಡುವ ಕಿವಿಯಂತ್ರಗಳನ್ನು ಸಭೆ ಮುಗಿದ ಮೇಲೆ ಸ್ಪಿರಿಟ್ಟಿನಲ್ಲಿ ಒರೆಸುವುದು ನನ್ನ ಕೆಲಸ. ದಿನಕ್ಕೆ ಒಂಬೈನೂರು ಯಂತ್ರ. ಬಾಗಿಲು ಮುಚ್ಚಿದ ಮೇಲೆ ನಾವು ಒಳಗೆ ಇರಬಾರದು. ಅನುವಾದಕಿಯವರಿಗೆ ಎಲ್ಲವನ್ನೂ ಹೇಳಿ, ಒಂದು ಮಾತು ಒಳಗೆ ಹಾಕಿ ಎಂದು ಕೇಳಿಕೊಂಡೆ. "ನಾನು ಬೇರೆಯವರ ಮಾತು ಮಾತ್ರ ಆಡಬಹುದು ಕಣೇ. ನನ್ನದೊಂದು ಮಾತು ಸೇರಿಸಿದ್ರೆ ಆವತ್ತೇ ಗೂಡಿನಿಂದ ಹೊರಗೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಆಮೇಲೆ ಗಂಟೆ ಹೊಡೆಯಿತು, ಒಳಗೆ ಹೋದರು.

ಬೀದಿಯವರಿಗೆ ನನ್ನ ಹೆಸರು ಹೇಳು.

ಅಕ್ಕ


ಮೇ ೧

ಅಕ್ಕ,

ಬೀದಿಯವರಿಗೆ ಹೇಳಿಲ್ಲ. ನಿನ್ನ ಮೇಲಿನ ಪ್ರೀತಿಗಾಗಿ ಅಲ್ಲ. ಹೇಳಿದರೆ ಅದು ಅಪ್ಪನ ಕಿವಿಗೆ ಹೋಗುತ್ತದೆ.

ಮೊದಲು ಕೆಲಸದ ಮಾತು. ಟೇಪು ತಂದು ಅಪ್ಪನ ಕೈ ಅಳೆಯಲು ಕೂತೆ. ಬಲಗೈ ಮುಷ್ಟಿ ಕಟ್ಟಿಕೊಂಡಿದೆ, ನಿನಗೆ ಗೊತ್ತಿಲ್ಲ. ಬಿಸಿನೀರಿನಲ್ಲಿ ಅದ್ದಿ, ಎಣ್ಣೆ ಹಚ್ಚಿ, ಒಂದೊಂದೇ ಬೆರಳು ಬಿಡಿಸಿದೆ. ಹೆಬ್ಬೆರಳು ಬಂತು, ನಡುಬೆರಳು ಅರ್ಧಕ್ಕೆ ನಿಂತಿತು.

"ಯಾಕೆ... ಕೈ?" ಎಂದು ಕೇಳಿದರು.

"ಉಗುರು ತೆಗೀತೀನಪ್ಪ."

ಹಾಗೆಂದ ಮೇಲೆ ಉಗುರನ್ನೂ ತೆಗೆದೆ. ಎಡಗೈ ಚೆನ್ನಾಗಿ ಬಿಚ್ಚುತ್ತದೆ. ಅದನ್ನು ಅಳೆದುಕೊಂಡೆ. ಗೇಣು ಇಪ್ಪತ್ತು ಸೆಂಟಿಮೀಟರ್, ಎರಡಕ್ಕೆ ನಲವತ್ತು, ನಾಲ್ಕು ಬೆರಳಿಗೆ ಏಳು. ಒಟ್ಟು ನಲವತ್ತೇಳು. ಅದರಲ್ಲಿ ಮೂವತ್ತಮೂರು ಕಳೆದೆ. ಕಳೆಯುವ ಲೆಕ್ಕ ಮೂರನೇ ತರಗತಿಯಲ್ಲೇ ಕಲಿಸಿದ್ದರು. ಹದಿನಾಲ್ಕು ಉಳಿಯಿತು. ದೀಪಸ್ತಂಭದ ಆಚೆಯವರಷ್ಟೇ ಏರಿಕೆ. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ. 

ಮೆಲ್ಲಗೆ ಕೇಳಿದೆ, "ಅಪ್ಪ, ಕಂಬ ಎತ್ತರಿಸಿದಾಗ ಬಲಗೈಯಲ್ಲೇ ಅಳೆದಿದ್ದಾ?"

"ಬರೆದಿದೆ" ಎಂದರು. "ದೊಡ್ಡವಳು... ಬರೆದಿದ್ದಾಳೆ." ಮುಖದ ಒಂದು ಕಡೆ ನಕ್ಕಿತು.

ಕಚೇರಿಗೆ ಹೋದೆ. ಗುಮಾಸ್ತರು ಹಾಳೆ ನೋಡಿ ಕನ್ನಡಕ ತೆಗೆದರು. "ಗೇಣು ಒಬ್ಬೊಬ್ಬರದು ಒಂದೊಂದು ತಾಯಿ."

"ನಮ್ಮಪ್ಪನ ಕೈ ಒಂದೇ ಅಲ್ವಾ ಸಾರ್."

"ನೀನು ಅಳೆದಿರೋದು ಎಡಗೈ."

ಬಲಗೈ ಬಿಚ್ಚುವುದಿಲ್ಲ ಎಂದು ನನ್ನ ಮುಷ್ಟಿ ಕಟ್ಟಿ ತೋರಿಸಿದೆ.  ಅವರು ಹಾಳೆಯ ಲೆಕ್ಕವನ್ನು ತಾವೇ ಇನ್ನೊಮ್ಮೆ ಕೂಡಿ ಕಳೆದರು. ಆಮೇಲೆ, "ನನಗೆ ಲೆಕ್ಕ ಸರಿ ಅಂತ ಕಾಣುತ್ತೆ. ನನಗೆ ಕಂಡರೆ ಸಾಲದು. ಕಂಬ ಹಿಡಿದವರು ಸಹಿ ಮಾಡಿ ಹೇಳಿಕೆ ಕೊಡಲಿ. ಇಲ್ಲಿಗೆ ಕಳಿಸಿದ್ರೆ ತಡವಾಗುತ್ತೆ. ಸಭಾಭವನದಲ್ಲೇ, ಮೂರನೇ ಮಹಡಿಯಲ್ಲಿ ತಿದ್ದುಪಡಿ ಮೇಜು ಅಂತ ಇದೆ, ನೇರ ಅಲ್ಲಿಗೆ ಕೊಡಲಿ" ಎಂದರು.

ನೀನು ಒರೆಸುವ ಕಟ್ಟಡದಲ್ಲೇ ಇದೆಯಂತೆ ಅಕ್ಕ. ಈ ಕಾಗದವನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ. ಹನ್ನೆರಡರೊಳಗೆ ಸಿಗಬೇಕು. ಈಗಲಾದರೂ ಬರೆ.

ಚಿಕ್ಕಿ


ಮೇ ೧೫

ಚಿಕ್ಕಿ,

ನಿನ್ನ ಕಾಗದ ಹನ್ನೊಂದರಂದು ಸಿಕ್ಕಿತು. ಆ ದಿನವೇ ಬರೆದೆ. ನಡೆದದ್ದನ್ನೆಲ್ಲ, ನಾನು ಬರೆಯದೆ ಬಿಟ್ಟದ್ದನ್ನೂ ಸೇರಿಸಿ. ವಕೀಲರ ಮುಂದೆ ಸಹಿ ಹಾಕಿದೆ. ಅನುವಾದಕಿ ಅದನ್ನು ಸಭೆಯ ಭಾಷೆಗೆ ಮಾಡಿಕೊಟ್ಟರು. ಇದು ನನ್ನದೇ ಮಾತು, ಹಾಗಾಗಿ ಅವರಿಗೆ ಆಡಲು ಅಡ್ಡಿಯಿಲ್ಲ.

ಹನ್ನೆರಡರಂದು ಸಮವಸ್ತ್ರದಲ್ಲೇ ಮೂರನೇ ಮಹಡಿಗೆ ಹೋದೆ. ತಿದ್ದುಪಡಿ ಮೇಜಿನ ಮುಂದೆ ಕುಳಿತ ಹೆಂಗಸು ತನ್ನ ಕಸದ ಬುಟ್ಟಿಯನ್ನು ನನ್ನ ಕಡೆಗೆ ಸರಿಸಿದಳು. ಕಸಕ್ಕೆ ಬಂದದ್ದಲ್ಲ ಎಂದೆ. ನಾಚಿಕೊಂಡು ಕಾಗದ ತೆಗೆದುಕೊಂಡಳು, ಪೂರ್ತಿ ಓದಿದಳು. ನಿಜವಾಗಿಯೂ ಓದಿದಳು, ಎರಡನೇ ಪುಟದಲ್ಲಿ ನಿಂತು ನನ್ನ ಮುಖ ನೋಡಿದಳು. ಆಮೇಲೆ, ತಿದ್ದುಪಡಿಯನ್ನು ಒಂದು ದೇಶ ಕೊಡಬಹುದು, ಒಬ್ಬ ವ್ಯಕ್ತಿ ಕೊಡುವಂತಿಲ್ಲ, ನಿಮ್ಮ ಅಳತೆ ಕಚೇರಿಯ ಮೂಲಕ ಬರಬೇಕು ಎಂದಳು. ಅವರೇ ಇಲ್ಲಿಗೆ ಕಳಿಸಿದ್ದು ಎಂದೆ. "ಹಾಗೆ ತುಂಬ ಕಚೇರಿಗಳು ಮಾಡುತ್ತವೆ" ಎಂದಳು. ಸ್ವೀಕರಿಸಲಾಗಿದೆ ಎಂದು ಒಂದು ಮುದ್ರೆ ಒತ್ತಿ ಕೊಟ್ಟಳು. ಅದರ ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ನಮ್ಮ ದೇಶದ ಪ್ರತಿನಿಧಿಗಳ ಕೋಣೆಯ ಬಾಗಿಲಿನಡಿಯೂ ಒಂದು ಪ್ರತಿ ತೂರಿಸಿದೆ. ಸಂಜೆ ಆ ಕೋಣೆ ಗುಡಿಸಿದವಳು ಅದನ್ನು ತಂದು ನನಗೇ ಕೊಟ್ಟಳು, ನನ್ನ ಕೈಬರಹ ಗುರುತು ಹಿಡಿದು.

ನಿನ್ನೆ ಕೊನೆಯ ಸಭೆ. ಕಿವಿಯಂತ್ರ ಇಡುವ ನೆಪದಲ್ಲಿ ತಟ್ಟೆ ಹಿಡಿದುಕೊಂಡು ಗೋಡೆಯ ಹತ್ತಿರ ಉಳಿದುಬಿಟ್ಟೆ. ಮೇಲ್ವಿಚಾರಕಿ ನೋಡಿದರು, ನೋಡದ ಹಾಗೆ ಹೋದರು. ಒಂದು ಯಂತ್ರ ಕಿವಿಗೆ ಹಾಕಿಕೊಂಡೆ. ಅನುವಾದಕಿಯ ದನಿ ಕೇಳಿಸಿತು. ಪಟ್ಟಿಯಲ್ಲಿರುವ ಒಂದೊಂದೇ ತೀರವನ್ನು ಓದುತ್ತಾರೆ, ನೂರ ಹದಿನಾರಾದ ಮೇಲೆ ನೂರ ಹದಿನೆಂಟು ಬರುವಾಗ ಯಾರಾದರೂ ಗಮನಿಸುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಅಧ್ಯಕ್ಷರು ಹೇಳಿದ್ದು ಇಷ್ಟೇ, "ಪಟ್ಟಿಯನ್ನು ಓದಿದಂತೆ ಭಾವಿಸಲಾಗಿದೆ." ಸುತ್ತಿಗೆ ಬಡಿದರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಅವರೇನೂ ಕೆಟ್ಟವರಲ್ಲ ಚಿಕ್ಕಿ, ಎರಡು ರಾತ್ರಿ ನಿದ್ದೆಯಿಲ್ಲದ ಮುಖಗಳು. ಬಾಯಿ ತೆರೆದೆ ಎಂದು ಬರೆಯಲು ಆಸೆ. ತೆರೆಯಲಿಲ್ಲ. ಅವರು ಕುರ್ಚಿಯ ಮೇಲೆ ಬಿಟ್ಟುಹೋದ ಯಂತ್ರಗಳನ್ನು ಎತ್ತಿಕೊಂಡೆ. ಕಿವಿಯ ಬಿಸಿ ಇನ್ನೂ ಆರಿರಲಿಲ್ಲ.

ಪಟ್ಟಿಯನ್ನು ಮತ್ತೆ ತೆರೆಯುವುದು ಐದು ವರ್ಷದ ಮೇಲೆ.

ಅಪ್ಪನನ್ನು ಕರೆದುಕೊಂಡು ಇಲ್ಲಿಗೆ ಬಾ. ಕೋಣೆ ಚಿಕ್ಕದು, ಸೆಕೆ. ಆದರೂ ಬಾ. ಅಲೆಗಳ ಕಾಲ ಶುರುವಾಗುವ ಮೊದಲು ಬಾ.

ಅಕ್ಕ


ಜೂನ್ ೪

ಅಕ್ಕ,

ಮುದ್ರೆಯ ನಕಲು ತಲುಪಿತು. ಕಚೇರಿಗೆ ಕೊಟ್ಟೆ. ಗುಮಾಸ್ತರು ನನ್ನ ಎದುರಿನಲ್ಲೇ ಅದನ್ನು ದಾರ ಹಾಕಿ ಕಡತಕ್ಕೆ ಹೊಲಿದರು. "ಮುಂದಿನ ಪಟ್ಟಿಗೆ ಇದು ಮೊದಲನೇ ಪುಟ" ಎಂದರು.

ದೀಪಸ್ತಂಭದ ಆಚೆಯವರು ಹೋದರು. ಮೂರು ದಿನ ಲಾರಿಗಳು ಓಡಾಡಿದವು. ಬಾಗಿಲು, ಕಿಟಕಿ, ಕೋಳಿಗೂಡು, ಒಂದು ಮನೆಯವರಂತೂ ಹೊಸಿಲನ್ನೂ ಕಿತ್ತು ಒಯ್ದರು. ದೋಣಿ ರಿಪೇರಿ ಮಾಮ ಅವರೊಡನೆ ಹೋದ ಭಾವಮೈದುನನ ಹೊಸ ಮನೆಯ ಹಿಂದೆ ಒಂದು ಚಾವಡಿ ಹಾಕಿಕೊಳ್ಳುತ್ತಾನಂತೆ. ಹೋಗುವಾಗ, "ಗುಡ್ಡದ ಹಿಂದೆ ದೋಣಿ ಎಲ್ಲಿ ಕೆಡುತ್ತೆ ಅಂತ ಕೇಳಬೇಡ, ನನ್ನ ಹೆಂಡತಿ ಆಗಲೇ ಕೇಳಿದ್ದಾಳೆ" ಎಂದ. ನಲ್ಲಿಯ ಹತ್ತಿರ ಈಗ ಮಾತು ನಿಲ್ಲುವುದಿಲ್ಲ. ಮಾತಾಡಲು ಅಲ್ಲಿ ಹೆಚ್ಚು ಜನರೇ ಇಲ್ಲ.

ನೀನು ಬಾ ಎಂದು ಬರೆದೆ. ಆ ಸಾಲನ್ನು ಓದಿದ ದಿನ ಪೆಟ್ಟಿಗೆ ಕೆಳಗಿಳಿಸಿದೆ, ಅಪ್ಪನ ಬಟ್ಟೆ ಮಡಿಸಿದೆ. ಆಮೇಲೆ ಗುಮಾಸ್ತರಿಗೆ ಹೇಳಿ ಬರೋಣವೆಂದು ಹೋದೆ. ಅವರು ಬಹಳ ಹೊತ್ತು ನಿಯಮದ ಪುಸ್ತಕ ತಿರುವಿದರು. ನಿನ್ನ ಹೇಳಿಕೆ ಒಂದರಿಂದಲೇ ಹಳೆಯ ಲೆಕ್ಕ ತಿದ್ದುವುದಿಲ್ಲವಂತೆ. ಅದೇ ಕಂಬ, ಅದೇ ಜಾಗ, ಅಲುಗಾಡಿಸದೆ, ಒಂದು ದಿನವೂ ತಪ್ಪಿಸದೆ ಐದು ವರ್ಷ ಓದಿದರೆ, ಆ ಏರಿಕೆಯ ಜೊತೆ ನಿನ್ನ ಹೇಳಿಕೆಯನ್ನು ಇಟ್ಟು ನೋಡುತ್ತಾರಂತೆ. ಒಂದು ದಿನ ಖಾಲಿ ಬಿದ್ದರೂ ಎಣಿಕೆ ಮತ್ತೆ ಮೊದಲಿನಿಂದ.

"ಬೇರೆ ಯಾರನ್ನಾದ್ರೂ ನೇಮಿಸಿ ಸಾರ್" ಎಂದೆ. "ಆ ಬೀದಿಯಲ್ಲಿ ವಾಸ ಇರೋರೇ ಓದಬೇಕು. ವಾಸ ಇರೋದೇ ಕಷ್ಟ ಅಂತ ತಾನೇ ನೀವು ಹೇಳ್ತಿರೋದು" ಎಂದರು. ಇಬ್ಬರಿಗೂ ನಗು ಬಂತು. ನಕ್ಕ ಮೇಲೆ ಅವರು ಕನ್ನಡಕ ಒರೆಸಿಕೊಂಡರು. ಬೀದಿಯಲ್ಲಿ ಉಳಿದಿರುವುದು ಇಪ್ಪತ್ತೊಂದು ಮನೆ. ಓದು ಬರುವವರಲ್ಲಿ ನಾನೇ ಹೆಚ್ಚು ಓದಿದವಳು.

ಇಲ್ಲಿಂದ ಹೋಗಬೇಕಾದರೆ ಇಲ್ಲೇ ಇರಬೇಕು. ಇದನ್ನು ಬರೆದು ನಾನೇ ಎರಡು ಸಲ ಓದಿಕೊಂಡೆ, ತಪ್ಪೇನಾದರೂ ಬರೆದೆನೋ ಎಂದು. ಇಲ್ಲ, ಸರಿಯಾಗಿಯೇ ಬರೆದಿದ್ದೇನೆ. ಪೆಟ್ಟಿಗೆಯನ್ನು ಮತ್ತೆ ಮೇಲಿಟ್ಟೆ.

ಅಪ್ಪನಿಗೆ ನಿನ್ನ ವಿಷಯ ಹೇಳಿಲ್ಲ, ಹೇಳುವುದೂ ಇಲ್ಲ. ನಿನ್ನ ಮೇಲೆ ಸಿಟ್ಟು ಇದೆ. ಕೆಲವು ದಿನ ಇರುವುದಿಲ್ಲ. ಹದಿನಾಲ್ಕು ವರ್ಷದ ಹುಡುಗಿ ಪುಸ್ತಕ ಹಿಡಿದು ಕೂತದ್ದು ಕಣ್ಣಿಗೆ ಬಂದಾಗ ಇರುವುದಿಲ್ಲ. ಮಂಚಕ್ಕೆ ಇನ್ನೊಂದು ಸುತ್ತು ಇಟ್ಟಿಗೆ ಕೊಡುವಾಗ ಇರುತ್ತದೆ.

ಅಲೆಗಳ ಕಾಲ ಶುರುವಾಗಿದೆ. ಸಂಜೆ ಕಂಬದ ಹತ್ತಿರ ಹೋದರೆ ನೀರು ಎದೆಯವರೆಗೆ ಬರುತ್ತದೆ, ಒಮ್ಮೊಮ್ಮೆ ಕಾಲು ಕೀಳುತ್ತದೆ. ಮೊನ್ನೆ ಬಿದ್ದೆ. ಅಪ್ಪನಿಗೆ ಹೇಳಲಿಲ್ಲ, ಒದ್ದೆ ಕೂದಲು ನೋಡಿ ಅವರೇ ತಿಳಿದುಕೊಂಡರು. ಮಾರನೆಯ ದಿನ ದೋಣಿ ರಿಪೇರಿ ಮಾಮ ಬಿಟ್ಟುಹೋದ ಹಗ್ಗವನ್ನು ತೋರಿಸಿ ತಾ ಎಂದರು. ಈಗ ಒಂದು ತುದಿ ನನ್ನ ಸೊಂಟಕ್ಕೆ ಕಟ್ಟಿರುತ್ತದೆ. ಹಗ್ಗ ಕಿಟಕಿಯ ಮೂಲಕ ಮನೆಯೊಳಗೆ ಹೋಗುತ್ತದೆ. ಇನ್ನೊಂದು ತುದಿಯನ್ನು ಅಪ್ಪ ಮಂಚದ ಮೇಲೆ ಎಡಗೈಗೆ ಸುತ್ತಿಕೊಂಡು ಮಲಗಿರುತ್ತಾರೆ. ನನ್ನನ್ನು ಎಳೆದು ಮೇಲೆ ತರುವಷ್ಟು ಶಕ್ತಿ ಆ ಕೈಯಲ್ಲಿ ಇಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು.

ಸ್ವಲ್ಪ ತಡವಾದರೆ ಅವರು ಒಮ್ಮೆ ಎಳೆಯುತ್ತಾರೆ. ನಾನು ಗೆರೆ ನೋಡುತ್ತಾ, ಇದ್ದೇನೆ ಎಂದು ತಿರುಗಿ ಒಮ್ಮೆ ಎಳೆಯುತ್ತೇನೆ.

ಚಿಕ್ಕಿ